ಕಿಂಡಿಯ ಹಿಂದಿನ ದುರ್ಬೀನು

ಗಸ್ ನಿಯತ್ತಿನ ಕಳ್ಳ. ನೂರು ವರ್ಷದ ಹಿಂದಿನ ಅಮೆರಿಕದಲ್ಲಿ ಸಂಬಳಕ್ಕೆ ಬೇಸ್‌ಬಾಲ್ ಆಡಿಕೊಂಡಿದ್ದವನು, ಮಂಡಿ ಮುರಿದ ಮೇಲೆ ಅದೇ ತಂಡಕ್ಕಾಗಿ ಸ್ಕೋರ್ ಬೋರ್ಡಿನ ಹಿಂದೆ ದುರ್ಬೀನು ಹಿಡಿದು ಕೂರುತ್ತಿದ್ದ.

ಎದುರು ತಂಡದ ಕ್ಯಾಚರ್ ಬ್ಯಾಟುಗಾರನ ಬೆನ್ನ ಹಿಂದೆ ಕುಕ್ಕರಗಾಲಲ್ಲಿ ಕೂತು, ಚೆಂಡೆಸೆಯುವ ತನ್ನ ಪಿಚರ್‌ಗೆ ಬೆರಳು ತೋರಿಸುತ್ತಿದ್ದ. ಒಂದು ಬೆರಳೆಂದರೆ ವೇಗದ ಚೆಂಡು, ಎರಡೆಂದರೆ ತಿರುಗುವ ಚೆಂಡು. ಗಸ್ ಅದನ್ನು ಕದ್ದು ನೋಡಿ, ವೇಗಕ್ಕೆ ಬೋರ್ಡಿನ ಕಿಂಡಿ ತೆರೆದು, ತಿರುವಿಗೆ ಮುಚ್ಚಿ, ತನ್ನವರಿಗೆ ಸುಳಿವು ಕೊಡುತ್ತಿದ್ದ.

ಆದರೂ ಅಂದು ಅವನ ತಂಡದವರೆಲ್ಲ ಗಾಳಿಗೆ ಬ್ಯಾಟು ಬೀಸಿ, ಪಂದ್ಯ ಸೋತು ಬಂದರು.

ಮ್ಯಾನೇಜರ್ ಏಣಿ ಹತ್ತಿ ಬಂದ. "ನಿದ್ದೆ ಮಾಡ್ತಿದ್ದೆಯೇನೋ? ನಿನ್ನ ಕಿಂಡಿ ವೇಗ ಅಂದಾಗ ಚೆಂಡು ತಿರುಗ್ತು, ತಿರುವು ಅಂದಾಗ ನೆಟ್ಟಗೆ ಬಂತು."

"ಕ್ಯಾಚರ್ ತೋರಿಸಿದ್ದನ್ನೇ ನಾನೂ ತೋರಿಸಿದೆ ಯಜಮಾನ್ರೇ. ನನ್ನ ಕಣ್ಣಾಣೆ."

"ನಾಳೆಯಿಂದ ಈ ಕಡೆ ತಲೆ ಹಾಕಬೇಡ."

ಮ್ಯಾನೇಜರ್ ಇಳಿದು ಹೋದ ಮೇಲೆ ಏಣಿ ಮತ್ತೆ ಕಿರುಗುಟ್ಟಿತು. ಈ ಸಲ ಬಂದವನು ಎದುರು ತಂಡದ ಕ್ಯಾಚರ್. ಗಸ್ ದುರ್ಬೀನನ್ನು ಕೋಟಿನೊಳಗೆ ತುರುಕಿಕೊಂಡ.

"ಬಚ್ಚಿಡಬೇಡ. ಮೊದಲ್ನೇ ಇನ್ನಿಂಗ್ಸಲ್ಲೇ ನೋಡಿದೆ," ಎಂದ ಕ್ಯಾಚರ್.

"ಹೊಡೆಯೋದಾದ್ರೆ ಮಂಡಿ ಒಂದು ಬಿಟ್ಟು ಹೊಡಿ."

"ಹೊಡೆಯೋಕೆ ಬಂದಿಲ್ಲ ಮಾರಾಯ. ನಾಳೆ ಒಂದಿನ ಆ ದುರ್ಬೀನನ್ನ ನಮ್ಮ ಪಿಚರ್‌ಗೆ ಕೊಡು. ತೋಚಿದ್ದು ಎಸೀತಾನೆ, ನನ್ನ ಬೆರಳು ಅಷ್ಟು ದೂರದಿಂದ ಅವನಿಗೆ ಕಾಣೋದೇ ಇಲ್ಲ."