ಕೈ ಹಿಡಿಯುವವಳು

ಮೈಸೂರಿನಿಂದ ಹುಬ್ಬಳ್ಳಿಗೆ ವಿಮಾನ ಕಣ್ಣು ಮಿಟುಕಿಸುವಷ್ಟರಲ್ಲಿ ಬಂದಿಳಿಯುತ್ತದೆ. ದಾರಿಯ ಕಾಲವೇನೂ ಮಾಯವಾಗುವುದಿಲ್ಲ. ಇಳಿದವರ ಕೈಯನ್ನು ಮೊದಲು ಹಿಡಿದವರ ಮೈಮೇಲೆ ಅದು ಒಂದು ವರ್ಷದ ಮುಪ್ಪಾಗಿ ಕೂರುತ್ತದೆ; ಯಾರೂ ಹಿಡಿಯದಿದ್ದರೆ ಇಳಿದವರಿಗೇ. ಹಾಗಾಗಿ ಅನುಕೂಲಸ್ಥರ ಮನೆಗಳಲ್ಲಿ ಕೈ ಹಿಡಿಯಲೆಂದೇ ಒಬ್ಬರಿರುತ್ತಾರೆ.

ಸೀರೆ ವ್ಯಾಪಾರಿ ಗುರುಬಸಪ್ಪನ ಮನೆಯಲ್ಲಿ ಆ ಕೆಲಸ ತಂಗಿ ದಾನಮ್ಮನದು. ಹೆತ್ತವರು ಹೋದ ಮೇಲೆ ತನ್ನ ಮಗಳ ಜೊತೆಗೇ ಅನ್ನ ಹಾಕಿ ಸಾಕಿದ ಅಣ್ಣ. ಒಲ್ಲೆ ಎನ್ನಲು ಬಾಯಿ ಬರಲಿಲ್ಲ. ಮೂರು ವರ್ಷ ಅವನು ತಿಂಗಳಿಗೊಮ್ಮೆ ಮೈಸೂರಿನಿಂದ ಬಂದಿಳಿದ, ಇವಳು ಕೈ ಹಿಡಿದಳು. ಇಪ್ಪತ್ತಾರು ತುಂಬುವ ಹೊತ್ತಿಗೆ ಅವಳ ತಲೆಯಲ್ಲಿ ಕರಿ ಕೂದಲೊಂದೂ ಉಳಿದಿರಲಿಲ್ಲ.

"ಇನ್ನ ನಾ ಬರಾಂಗಿಲ್ಲಣ್ಣಾ" ಎಂದು ಹೋದ ತಿಂಗಳು ಕೊನೆಗೂ ಹೇಳಿದ್ದಳು.

"ಹುಚ್ಚೀ, ಈ ಸಲ ನಿನಗ ವರಾ ಕರಕೊಂಡ ಬರಾಂವ ಅದೀನಿ" ಎಂದಿದ್ದ ಅಣ್ಣ.

ಅದಕ್ಕೇ ಇವತ್ತು ಮಲ್ಲಿಗೆ ಮುಡಿದು ವಿಮಾನ ನಿಲ್ದಾಣಕ್ಕೆ ಬಂದು ನಿಂತಿದ್ದಳು. ಅಣ್ಣನ ಜೊತೆ ಇಳಿದ ಹುಡುಗ ಲಕ್ಷಣವಾಗಿದ್ದ. ಅವನು ಚಾಚಿದ ಕೈಯನ್ನು ಎರಡೂ ಕೈಯಲ್ಲಿ ಹಿಡಿದಳು. ಅವನ ದಾರಿಯ ಒಂದು ವರ್ಷ ಅವಳ ಮೊಣಕಾಲಿಗೆ ಇಳಿದು ನೋಯಿತು. ಈ ನೋವು ಅವಳಿಗೆ ಹಿತವೇ ಆಯಿತು.

"ತುಂಬಾ ಉಪಕಾರ ಆಯ್ತು ಅಜ್ಜಿ" ಎಂದ ಹುಡುಗ. ಆಮೇಲೆ ಗುರುಬಸಪ್ಪನತ್ತ ತಿರುಗಿದ. "ಹುಡುಗಿ ಬಂದಿಲ್ವಾ?"

"ನನ್ನ ಮಗಳು ಮನ್ಯಾಗ ಅದಾಳ್ರೀ. ಆಕೀನ್ನ ಇಂಥಾ ಜಾಗಾಕ್ಕ ಕಳಸಾಂಗಿಲ್ಲ ನಾವು."

ಅಣ್ಣ ಈಗ ತನ್ನ ಕೈಯನ್ನೂ ಚಾಚಿದ. "ಹಿಡೀ ತಂಗಿ, ಹೊತ್ತಾತು."

ದಾನಮ್ಮನ ಕೈ ರೂಢಿಯ ಮೇಲೆ ತಾನೇ ಮುಂದೆ ಹೋಯಿತು.