ಅಜ್ಜಿಯ ಹೊಳೆ ನೀರು

ಬಿಸಿಲಿಗೆ ಕಾದ ನಲ್ಲಿಯ ಕಬ್ಬಿಣದ ವಾಸನೆ ಬಂದರೆ ಇವತ್ತಿಗೂ ನನ್ನ ಕೈ ಸೀರೆಯ ಅಂಚು ಮುಟ್ಟಿ ನೋಡುತ್ತದೆ.

ಭದ್ರಾವತಿಯಲ್ಲಿ ನಮ್ಮ ಬೀದಿಗೆ ಆಗಷ್ಟೇ ನಲ್ಲಿ ಬಂದಿತ್ತು. "ಅದರೊಳಗೆ ಚರ್ಮದ ವಾಷರ್ ಇದೆಯಂತೆ, ಆ ನೀರು ನನ್ನ ಬಾಯಿಗೆ ಬೇಡ," ಅಂತ ಅಜ್ಜಿ ಅಮ್ಮನ ಮುಂದೆ ಹಟ ಹಿಡಿದಿದ್ದಳು. ಅವಳ ತಂಬಿಗೆಗೆ ದಿನಾ ಹೊಳೆ ನೀರನ್ನು ನಾನೇ ತರಬೇಕಿತ್ತು.

ಆ ಮಧ್ಯಾಹ್ನ ಅವಳಿಗೆ ಜ್ವರ. ನನಗೆ ಕಾಲು ಸುಡುತ್ತಿತ್ತು. ಅರ್ಧ ದಾರಿಯಿಂದಲೇ ತಿರುಗಿ ಬಂದು ನಲ್ಲಿಯಲ್ಲಿ ತಂಬಿಗೆ ತುಂಬಿಕೊಂಡೆ.

ಅಜ್ಜಿ ಗಟಗಟ ಕುಡಿದಳು. ಹೊಳೆಗಿಳಿದರೆ ಮೊಣಕಾಲವರೆಗೂ ನೆನೆಯುತ್ತಿದ್ದ ನನ್ನ ಲಂಗವನ್ನು ಅವಳು ಬೆರಳಲ್ಲಿ ಹಿಸುಕಿ ನೋಡಿದಳು. ಗರಿಗರಿಯಾಗಿ ಒಣಗಿತ್ತು.

ಅಡುಗೆಮನೆಯಲ್ಲಿದ್ದ ಅಮ್ಮನ ಕಡೆ ಕಣ್ಣು ಹಾಯಿಸಿ ಮೆಲ್ಲಗೆ ಹೇಳಿದಳು: "ನಾಳೆ ಬರೋವಾಗ ಲಂಗ ಒದ್ದೆ ಮಾಡ್ಕೊಂಡು ಬಾ."