ಹೆಣ್ಣು ನೋಡಲು ಅಗ್ಗದ ದಾರಿ

ಅಮ್ಮ ಮಗನಿಗಾಗಿ ಆರು ಊರುಗಳಲ್ಲಿ ಹೆಣ್ಣು ಗುರುತಿಸಿಕೊಂಡಿದ್ದಳು. ಪಟ್ಟಿಯಲ್ಲಿ ಕೊನೆಯದು ಬೆಳಗಾವಿ.

‘ಮೈಸೂರಿಂದ ಎಲ್ಲಿಗೆ ಹೋಗಿಬರೋಕೆ ಖರ್ಚು ಕಮ್ಮಿಯೋ ಮೊದಲು ಅಲ್ಲಿಗೇ ಹೋಗೋಣ. ನಿನ್ನ ಕಂಪ್ಯೂಟರ್ ಹೇಳುತ್ತಾ?’

ಮಗ ಪೈಥಾನ್‌ನಲ್ಲಿ ಪ್ರೋಗ್ರಾಂ ಬರೆದ. ಅದು ಮ್ಯಾಪಿನಲ್ಲಿ ತಾನಾಗಿಯೇ ದೂರ ಅಳೆದು ಒಂದೊಂದು ಊರಿನ ಖರ್ಚನ್ನೂ ಲೆಕ್ಕಹಾಕಿತು. ಬೆಳಗಾವಿಯೇ ಎಲ್ಲಕ್ಕಿಂತ ದುಬಾರಿಯಾಗಿತ್ತು. ಅವನು ಒಂದು ಸಾಲು ತಿದ್ದಿ ಅಮ್ಮನನ್ನು ಕರೆದ.

‘ನೋಡಮ್ಮ, ಬೆಳಗಾವಿಯೇ ಅಗ್ಗ.’

‘ಪಕ್ಕದ ಮಂಡ್ಯಕ್ಕಿಂತಲೂ?’

‘ಕಂಪ್ಯೂಟರ್ ಸುಳ್ಳು ಹೇಳಲ್ಲಮ್ಮ.’

ಅಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು.

‘ಹಾಗಾದ್ರೆ ಅಲ್ಲಿಗೇ ಹೋಗೋಣ ಬಿಡು. ನಿನ್ನೆ ಆ ಬೆಳಗಾವಿ ಹುಡುಗಿನೇ ಫೋನ್ ಮಾಡಿದ್ಲು. “ತಿಂಗಳು ತಿಂಗಳೂ ನನ್ನ ನೋಡೋಕೆ ವಿಮಾನದಲ್ಲಿ ಬಂದು ಸಂಬಳವೆಲ್ಲ ಕಳೀಬೇಡ ಅಂತ ನಿಮ್ಮ ಮಗನಿಗೆ ನೀವಾದ್ರೂ ಹೇಳಿ ಅತ್ತೆ” ಅಂದ್ಲು.’